ಗಾಜನೂರಿನ ಮೊಮ್ಮಗ ಮತ್ತು ಹಾಟ್ ಸೀಟು

ಮೊನ್ನೆ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆವು. ಪುನೀತ್ ರಾಜ್‌ಕುಮಾರ್ ಹುಟ್ಟಿದ ಊರು ಯಾವುದು? ಎ) ಬೆಂಗಳೂರು, ಬಿ) ಮೈಸೂರು, ಸಿ) ಗಾಜನೂರು, ಡಿ) ಚೆನ್ನೈ. ಅರ್ಧ ತರಗತಿ ಬೆಂಗಳೂರು ಅಂದಿತು, ಇನ್ನರ್ಧ ಗಾಜನೂರು ಅಂದಿತು. ಚೆನ್ನೈಗೆ ಒಂದು ಕೈಯೂ ಏಳಲಿಲ್ಲ. ಸರಿಯುತ್ತರ ಚೆನ್ನೈ ಅಂದಾಗ ಮಕ್ಕಳು ನಮ್ಮನ್ನೇ ಅನುಮಾನದಿಂದ ನೋಡಿದರು. "ಹಾಗಾದ್ರೆ ಅವರು ನಮ್ಮ ಕಡೆಯವರಾ?" ಅಂತ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. ಉತ್ತರ ಒಂದೇ ಮಾತಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಈ ಬರಹ.

ಮೊರಪ್ಪೂರು ಅಂದರೆ ಬಹಳ ಮಂದಿಗೆ ಸೇಲಂ-ಜೋಲಾರಪೇಟೆ ದಾರಿಯ ಒಂದು ರೈಲು ನಿಲ್ದಾಣ, ಅಷ್ಟೆ. ೧೯೦೬ರಲ್ಲಿ ಇಲ್ಲಿಂದ ಧರ್ಮಪುರಿಗೆ ಒಂದು ಪುಟ್ಟ ನ್ಯಾರೋ ಗೇಜ್ ರೈಲು ಓಡಾಡಲು ಶುರುವಾಗಿತ್ತು. ಮುಂದೆ ಅದು ಹೊಸೂರಿನ ತನಕ ಹೋಗುತ್ತಿತ್ತು. ೧೯೪೧ರಲ್ಲಿ ಅದನ್ನು ನಿಲ್ಲಿಸಿದರು. ಧರ್ಮಪುರಿ ೧೯೬೫ರ ತನಕ ಸೇಲಂ ಜಿಲ್ಲೆಯೊಳಗೇ ಇತ್ತು. ಅದಕ್ಕೂ ಎಷ್ಟೋ ಮೊದಲು ನೊಳಂಬರು ಆಳಿದ ಸೀಮೆ ಇದು, ಅವರ ಕನ್ನಡ ಶಾಸನಗಳು ಧರ್ಮಪುರಿಯಲ್ಲಿವೆ. ಇಷ್ಟು ಹೇಳಿದ್ದು ಯಾಕೆಂದರೆ, ಇಲ್ಲಿ ಕನ್ನಡ ಮಾತಾಡುವವರನ್ನು "ನೀವು ಯಾವಾಗ ಬಂದಿರಿ?" ಅಂತ ಕೇಳುವವರು ಇನ್ನೂ ಇದ್ದಾರೆ. ಇರಲಿ, ವಿಷಯಕ್ಕೆ ಬರೋಣ.

ಪುನೀತ್ ಕಥೆಯನ್ನು ಅವರ ತಂದೆಯ ಊರಿನಿಂದಲೇ ಶುರು ಮಾಡಬೇಕು. ಡಾ. ರಾಜ್‌ಕುಮಾರ್, ಅಂದರೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಮುತ್ತುರಾಜ, ಹುಟ್ಟಿದ್ದು ೧೯೨೯ರ ಏಪ್ರಿಲ್ ೨೪ರಂದು ಗಾಜನೂರಿನಲ್ಲಿ. ಆಗ ಅದೆಲ್ಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ೧೯೫೬ರಲ್ಲಿ ಭಾಷಾವಾರು ರಾಜ್ಯಗಳಾದಾಗ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ತಾಳವಾಡಿ ಮದ್ರಾಸಿನಲ್ಲೇ ಉಳಿಯಿತು. ಹೀಗಾಗಿ ಅಪ್ಪನ ಹೆಸರಿನ ಸಿಂಗಾನಲ್ಲೂರು ಕರ್ನಾಟಕದಲ್ಲಿ, ಮಗ ಹುಟ್ಟಿದ ಗಾಜನೂರು ತಮಿಳುನಾಡಿನಲ್ಲಿ! ಗಾಜನೂರು ಈಗ ಈರೋಡು ಜಿಲ್ಲೆಗೆ ಸೇರಿದೆ. ಕನ್ನಡದ ಅತಿ ದೊಡ್ಡ ನಟ ಹುಟ್ಟಿದ ನೆಲ ಗಡಿಯಾಚೆಯೇ ಉಳಿದಿದೆ ಅನ್ನುವುದು ಬೆಂಗಳೂರಿನವರಿಗೆ ಆಗಾಗ ಮರೆತುಹೋಗುತ್ತದೆ, ನಮಗೆ ಮರೆಯುವುದಿಲ್ಲ.

ರಾಜ್‌ಕುಮಾರ್ ಬಾಲ್ಯದಲ್ಲೇ ಶಾಲೆ ಬಿಟ್ಟು ನಾಟಕ ಕಂಪನಿ ಸೇರಿದವರು. ಕನ್ನಡ ಸಿನಿಮಾದ ಕೆಲಸವೆಲ್ಲ ಆಗ ಮದ್ರಾಸಿನ ಸ್ಟುಡಿಯೋಗಳಲ್ಲೇ ನಡೆಯುತ್ತಿದ್ದರಿಂದ ಸಂಸಾರವೂ ಅಲ್ಲೇ ಇತ್ತು. ೧೯೭೫ರ ಮಾರ್ಚ್ ೧೭ರಂದು ಐದು ಮಕ್ಕಳಲ್ಲಿ ಕೊನೆಯವನು ಹುಟ್ಟಿದ್ದೂ ಮದ್ರಾಸಿನಲ್ಲೇ. ಮೊದಲಿಟ್ಟ ಹೆಸರು ಲೋಹಿತ್. ಪುನೀತ್ ಆದದ್ದು ಆಮೇಲೆ. ೧೯೭೬ರ 'ಪ್ರೇಮದ ಕಾಣಿಕೆ'ಯಲ್ಲಿ ಕೈಗೂಸಾಗಿಯೇ ತೆರೆಯ ಮೇಲೆ ಬಂದುಬಿಟ್ಟರು. ಅದೇ ೧೯೭೬ರಲ್ಲಿ ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

೧೯೮೨ ಬಂತು. ಕರ್ನಾಟಕದಲ್ಲಿ ಗೋಕಾಕ್ ಚಳವಳಿ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಇರಬೇಕು ಅಂತ ಊರೂರು ಸುತ್ತಿದವರು ರಾಜ್‌ಕುಮಾರ್. ತಾವು ಶಾಲೆಯ ಮೆಟ್ಟಿಲನ್ನು ಸರಿಯಾಗಿ ಹತ್ತದವರು ಶಾಲೆಯ ಭಾಷೆಗಾಗಿ ಬೀದಿಗಿಳಿದದ್ದು ಅದು. ಅವರ ಕೊನೆಯ ಮಗನೂ ಸಿನಿಮಾ ಕೆಲಸದಿಂದಾಗಿ ಎಲ್ಲರ ಹಾಗೆ ಶಾಲೆಗೆ ಹೋಗಲಾಗಲಿಲ್ಲ. ಮನೆಯಲ್ಲೇ ಪಾಠ, ಆಮೇಲೆ ಕಂಪ್ಯೂಟರ್ ಡಿಪ್ಲೊಮಾ. ಮುಂದೆ ಇದೇ ಹುಡುಗ ಇಡೀ ಕರ್ನಾಟಕಕ್ಕೆ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಕೂತರು. ಹೀಗಾಗುತ್ತದೆ ಅಂತ ಆಗ ಯಾರು ಅಂದುಕೊಂಡಿದ್ದರು?

ಪುನೀತ್ ಸಿನಿಮಾಗಳಲ್ಲಿ ಮೇಷ್ಟ್ರುಗಳಾದ ನಮಗೆ ಬೇಕಾದದ್ದು ಒಂದೇ. ೧೯೮೫ರ 'ಬೆಟ್ಟದ ಹೂವು', ನಿರ್ದೇಶನ ಎನ್. ಲಕ್ಷ್ಮೀನಾರಾಯಣ್. ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿ ಅದಕ್ಕೆ ಆಧಾರ. ಬಡ ಹುಡುಗ ರಾಮು. ಅವನಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂಬ ಆಸೆ. ಕಾಡಿನ ಹೂ ಕಿತ್ತು ತಂದು ಮಾರಿ ಕಾಸು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡು ಪುಸ್ತಕವಾಗುವುದಿಲ್ಲ, ಮನೆಯವರ ಚಳಿಗೆ ಕಂಬಳಿಯಾಗುತ್ತದೆ. ಹತ್ತು ವರ್ಷದ ಪುನೀತ್‌ಗೆ ಇದಕ್ಕಾಗಿ ರಾಷ್ಟ್ರ ಪ್ರಶಸ್ತಿ ಬಂತು. ಈ ಚಿತ್ರವನ್ನು ಮಕ್ಕಳಿಗೆ ತೋರಿಸಿ ನೋಡಿ ಗೆಳೆಯರೇ. ಪುಸ್ತಕಕ್ಕೆ ಕಾಸು ಕೂಡಿಡುವುದು ಅಂದರೆ ಏನು ಅಂತ ವಿವರಿಸುವ ಕೆಲಸವೇ ಇರುವುದಿಲ್ಲ, ನಮ್ಮ ಮಕ್ಕಳಿಗೆ ಅದು ಗೊತ್ತು.

ನಾಯಕನಾದದ್ದು ೨೦೦೨ರ 'ಅಪ್ಪು'ವಿನಲ್ಲಿ. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ನಾವು ಬರೆಯಬೇಕಾಗಿಲ್ಲ.

ಈಗ ಆಟದ ಕಥೆ. 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ೧೯೯೮ರ ಸೆಪ್ಟೆಂಬರಿನಲ್ಲಿ. ಪ್ರಶ್ನೆ ಕೇಳಿದವರು ಕ್ರಿಸ್ ಟಾರಂಟ್. ಅದು ಹಿಂದಿಗೆ ಬಂದದ್ದು ೨೦೦೦ದ ಜುಲೈ ೩ರಂದು, ಅಮಿತಾಭ್ ಬಚ್ಚನ್ ಜೊತೆ. ಇಡೀ ದೇಶ ರಾತ್ರಿ ಒಂಬತ್ತಕ್ಕೆ ಟಿವಿ ಮುಂದೆ ಕೂರುತ್ತಿದ್ದ ಅದೇ ತಿಂಗಳ ೩೦ರ ರಾತ್ರಿ ಗಾಜನೂರಿನ ಮನೆಯಿಂದ ರಾಜ್‌ಕುಮಾರರನ್ನು ವೀರಪ್ಪನ್ ಎತ್ತಿಕೊಂಡು ಹೋದ. ೧೦೮ ದಿನ. ಎರಡು ರಾಜ್ಯಗಳ ನಡುವೆ ಬಸ್ಸುಗಳು ನಿಂತಾಗ ಗಡಿಯ ಕನ್ನಡಿಗರ ಎದೆ ಹೇಗೆ ಹೊಡೆದುಕೊಂಡಿತ್ತು ಅನ್ನುವುದು ಆ ದಿನಗಳನ್ನು ಕಂಡವರಿಗೆ ಗೊತ್ತು. ಅಲ್ಲಿ ಏನಾದರೂ ಆದರೆ ಇಲ್ಲಿ ನಮ್ಮ ಗತಿ ಏನು ಅನ್ನುವ ಭಯ. ನವೆಂಬರ್ ೧೫ರಂದು ಅವರ ಬಿಡುಗಡೆಯಾಯಿತು. ವೀರಪ್ಪನ್ ೨೦೦೪ರ ಅಕ್ಟೋಬರಿನಲ್ಲಿ ಸತ್ತದ್ದು ನಮ್ಮ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿಯ ಹತ್ತಿರವೇ.

ಹಿಂದಿ ಆಟ ನಮ್ಮ ಮಕ್ಕಳಿಗೆ ಮೂಕಿ ಚಿತ್ರದ ಹಾಗಿತ್ತು. ತಮಿಳುನಾಡಿನ ಸರ್ಕಾರಿ ಶಾಲೆಗಳಲ್ಲಿ ಹಿಂದಿ ಇಲ್ಲ. ಬಚ್ಚನ್ ಏನೋ ಗಂಭೀರವಾಗಿ ಕೇಳುತ್ತಾರೆ, ಯಾರೋ ಬೆವರುತ್ತಾರೆ, ದೀಪ ಬದಲಾಗುತ್ತದೆ. ಅಷ್ಟೇ. ತಮಿಳಿನಲ್ಲಿ ಬೇಗನೇ ಸನ್ ಟಿವಿಯಲ್ಲಿ ಶರತ್‌ಕುಮಾರ್ 'ಕೋಟೀಶ್ವರನ್' ನಡೆಸಿದರು. ಕನ್ನಡಕ್ಕೆ ಮಾತ್ರ ೨೦೧೨ರ ತನಕ ಕಾಯಬೇಕಾಯಿತು.

ಆದರೆ ಕನ್ನಡ ಅಷ್ಟು ಕಾಲ ಸುಮ್ಮನೆ ಕೂತಿತ್ತು ಅಂತ ಹೇಳಿದರೆ ದೊಡ್ಡ ಅನ್ಯಾಯವಾದೀತು. ೨೦೦೨ರ ಜನವರಿಯಲ್ಲೇ ದೂರದರ್ಶನ ಚಂದನದಲ್ಲಿ 'ಥಟ್ ಅಂತ ಹೇಳಿ' ಶುರುವಾಗಿತ್ತು. ನಡೆಸಿಕೊಟ್ಟವರು ಡಾ. ನಾ. ಸೋಮೇಶ್ವರ, ವೃತ್ತಿಯಲ್ಲಿ ವೈದ್ಯರು, ಕನ್ನಡದಲ್ಲಿ ವಿಜ್ಞಾನ ಬರೆಯುವವರು. ಅಬ್ಬರ ಇಲ್ಲ, ಎದೆ ಬಡಿತದ ಸಂಗೀತ ಇಲ್ಲ. ಸರಿಯುತ್ತರಕ್ಕೆ ಬಹುಮಾನ ಪುಸ್ತಕ, ಕನ್ನಡ ಪುಸ್ತಕ! ಮೂರು ಸಾವಿರಕ್ಕೂ ಹೆಚ್ಚು ಕಂತು ದಾಟಿ ಲಿಮ್ಕಾ ದಾಖಲೆಯ ಪುಸ್ತಕ ಸೇರಿದ ಆಟ ಅದು. ನಮ್ಮ ಕಡೆ ಡಿಶ್ ಇದ್ದ ಮನೆಗಳಲ್ಲಿ ಚಂದನ ಸಿಗುತ್ತಿತ್ತು, ಕೇಬಲ್ಲಿನ ಮನೆಗಳಲ್ಲಿ ಸಿಕ್ಕರೆ ಸಿಕ್ಕಿತು. 'ಬೆಟ್ಟದ ಹೂವು' ರಾಮುವಿಗೆ ಬೇಕಾಗಿದ್ದ ಬಹುಮಾನ ಇದೇ ಅಲ್ಲವೇ ಅಂತ ನಮಗೆ ಎಷ್ಟೋ ಸಲ ಅನ್ನಿಸಿದೆ. ಕೋಟಿ ರೂಪಾಯಿಯ ಆಟಕ್ಕಿಂತ ಮಕ್ಕಳಿಗೆ ಇದೇ ಒಳ್ಳೆಯದು ಅನ್ನುವುದು ನಮ್ಮ ಅಭಿಪ್ರಾಯ. ಮಕ್ಕಳ ಅಭಿಪ್ರಾಯ ಬೇರೆ, ಬಿಡಿ.

೨೦೧೨ರ ಮಾರ್ಚ್ ೧೨ರಂದು ಸುವರ್ಣ ವಾಹಿನಿಯಲ್ಲಿ 'ಕನ್ನಡದ ಕೋಟ್ಯಧಿಪತಿ' ಬಂತು, ಪುನೀತ್ ಕುರ್ಚಿ ಹತ್ತಿದರು. ಸರಿಯಾಗಿ ಎರಡು ವಾರ ಮೊದಲು, ಫೆಬ್ರವರಿ ೨೭ರಂದು, ವಿಜಯ್ ಟಿವಿಯಲ್ಲಿ ಸೂರ್ಯ ಇದೇ ಆಟದ ತಮಿಳು ರೂಪ ಶುರು ಮಾಡಿದ್ದರು. ಎರಡನ್ನೂ ನೋಡಿದ ಮಕ್ಕಳು ನಮ್ಮ ಕಡೆಯವರೇ ಇರಬೇಕು! ಬೆಳಿಗ್ಗೆ ಶಾಲೆಯಲ್ಲಿ ಸೂರ್ಯ ಹೆಚ್ಚೋ ಅಪ್ಪು ಹೆಚ್ಚೋ ಅಂತ ಜಗಳ. ಮುಂದಿನ ವರ್ಷ ಇನ್ನೊಂದು ತಮಾಷೆ ನಡೆಯಿತು. ೨೦೧೩ರಲ್ಲಿ ತಮಿಳು ಆಟದ ಎರಡನೆಯ ಸರಣಿಗೆ ಬಂದವರು ಪ್ರಕಾಶ್ ರಾಜ್, ಬೆಂಗಳೂರಿನಲ್ಲಿ ಹುಟ್ಟಿದ ನಮ್ಮ ಪ್ರಕಾಶ್ ರೈ. ಅದೇ ವರ್ಷ ಕನ್ನಡದ ಎರಡನೆಯ ಸರಣಿಯಲ್ಲಿ ಚೆನ್ನೈಯಲ್ಲಿ ಹುಟ್ಟಿದ ಪುನೀತ್. ಅಂದರೆ ತಮಿಳರಿಗೆ ಪ್ರಶ್ನೆ ಕೇಳಿದವರು ಬೆಂಗಳೂರಿನವರು, ಕನ್ನಡಿಗರಿಗೆ ಕೇಳಿದವರು ಚೆನ್ನೈಯಲ್ಲಿ ಹುಟ್ಟಿದವರು. ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ತಮಿಳು ಮೇಷ್ಟ್ರು ನಕ್ಕು ನಕ್ಕು ಟೀ ಚೆಲ್ಲಿಕೊಂಡರು.

ಪುನೀತ್ ಆ ಕುರ್ಚಿಯಲ್ಲಿ ಹೇಗಿದ್ದರು? ಬಚ್ಚನ್ ಹಾಗೆ ಗತ್ತಿನ ದನಿ ಅವರದ್ದಲ್ಲ. ಪರೀಕ್ಷಕರ ಹಾಗೆ ಕಾಣಲಿಲ್ಲ, ಪಕ್ಕದ ಬೆಂಚಿನಲ್ಲಿ ಕೂತ ಗೆಳೆಯನ ಹಾಗೆ ಕಂಡರು. ಹಳ್ಳಿಯಿಂದ ಬಂದವರು ನಡುಗುತ್ತಿದ್ದರೆ ಮೊದಲು ನಗಿಸುತ್ತಿದ್ದರು, ಆಮೇಲೆ ಪ್ರಶ್ನೆ. ಇಂಗ್ಲಿಷ್ ಬಾರದವರು ನಾಚಿಕೆ ಪಡಬೇಕಾದ ಜಾಗವಾಗಿರಲಿಲ್ಲ ಅದು. ವಿಜ್ಞಾನದ ಪ್ರಶ್ನೆಯೂ ಕನ್ನಡದಲ್ಲೇ, ಉತ್ತರವೂ ಕನ್ನಡದಲ್ಲೇ. ಕನ್ನಡ ಮಾಧ್ಯಮದಲ್ಲಿ ಕಲಿತರೆ ಏನು ಸಿಗುತ್ತದೆ ಅಂತ ಪ್ರತಿ ಜೂನಿನಲ್ಲಿ ಕೇಳುವ ತಂದೆ ತಾಯಂದಿರಿಗೆ ನಾವು ವರ್ಷಗಟ್ಟಲೆ ಹೇಳಿದ್ದನ್ನು ಆ ಕಾರ್ಯಕ್ರಮ ಒಂದು ಗಂಟೆಯಲ್ಲಿ ತೋರಿಸಿಬಿಡುತ್ತಿತ್ತು. ನೆನಪಿರಲಿ, ೨೦೦೬ರ ತಮಿಳು ಕಲಿಕೆ ಕಾಯ್ದೆ ಆಗ ತರಗತಿಯಿಂದ ತರಗತಿಗೆ ಏರಿ ಬರುತ್ತಿತ್ತು. ತಮಿಳು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ, ಅದು ಅನ್ನದ ಭಾಷೆ. ಕನ್ನಡದ ಜಾಗ ಎಲ್ಲಿ ಅನ್ನುವುದೇ ನಮ್ಮ ಚಿಂತೆಯಾಗಿತ್ತು. ಎಷ್ಟೋ ಮನೆಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಲು ನಿರ್ಧಾರ ಮಾಡಿದ್ದು ಆ ವರ್ಷಗಳಲ್ಲೇ.

ಆಟದ ಬಗ್ಗೆ ನಮಗೆ ಆಕ್ಷೇಪಣೆಯೂ ಇದೆ. ಸ್ಪರ್ಧಿಯ ಬಡತನವನ್ನು ಮೊದಲು ಎಳೆಎಳೆಯಾಗಿ ತೋರಿಸಿ, ನೋಡುವವರ ಕಣ್ಣಲ್ಲಿ ನೀರು ತರಿಸಿ, ಆಮೇಲೆ ಪ್ರಶ್ನೆ ಕೇಳುವುದು. ಅದು ಜ್ಞಾನಕ್ಕೆ ಮರ್ಯಾದೆಯಲ್ಲ. ಗೆದ್ದ ದುಡ್ಡಿನಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚು ತೆರಿಗೆಗೆ ಹೋಗುತ್ತದೆ ಅನ್ನುವುದೂ ಮಕ್ಕಳಿಗೆ ಗೊತ್ತಿರುವುದಿಲ್ಲ. ಹೇಳಿದರೆ ಬೇಸರ ಪಡುತ್ತಾರೆ.

ಆದರೂ ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ನಾವೂ ಕೋಟ್ಯಧಿಪತಿ ಆಡಿಸಿದೆವು. ಬಹುಮಾನ ಬಣ್ಣದ ಚಾಕ್‌ಪೀಸು. ಅದರಿಂದ ಗಣಿತವೂ ಬಂತು. ನಾಲ್ಕು ಉತ್ತರಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಆರಿಸಿದರೆ ಸರಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು, ಫಿಫ್ಟಿ-ಫಿಫ್ಟಿ ಬಳಸಿದರೆ ಎರಡರಲ್ಲಿ ಒಂದು. ಇದನ್ನು ಪುಸ್ತಕದಿಂದ ಹೇಳಿದಾಗ ನಿದ್ದೆ ಮಾಡಿದವರು ಇಲ್ಲಿ ಎದ್ದು ಕೂತರು. ಪ್ರೇಕ್ಷಕರ ಮತ ಅನ್ನುವ ಲೈಫ್‌ಲೈನ್ ಮಾತ್ರ ನಮ್ಮಲ್ಲಿ ಪೂರ್ತಿ ಸೋತಿತು. ಟಿವಿಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುಂಡಿ, ಪಕ್ಕದವರು ಏನು ಒತ್ತಿದರು ಅಂತ ಕಾಣುವುದಿಲ್ಲ. ಗೊತ್ತಿರುವ ಕೆಲವರ ಮತ ಸರಿಯುತ್ತರಕ್ಕೆ ಸೇರುತ್ತದೆ, ಗೊತ್ತಿಲ್ಲದವರ ಮತ ನಾಲ್ಕೂ ಕಡೆ ಹಂಚಿಹೋಗುತ್ತದೆ, ಅದಕ್ಕೇ ಅಲ್ಲಿ ಬಹಳ ಸಲ ಸರಿಯುತ್ತರ ಸಿಗುತ್ತದೆ. ನಮ್ಮ ತರಗತಿಯಲ್ಲಿ ಎಲ್ಲರೂ ಮೊದಲ ರ್‍ಯಾಂಕಿನ ಹುಡುಗಿಯ ಕೈ ನೋಡಿ ಕೈ ಎತ್ತುತ್ತಿದ್ದರು. ಅವಳು ತಪ್ಪಿದರೆ ಮೂವತ್ತು ಜನ ತಪ್ಪಿದರು! ಆಮೇಲೆ ಚೀಟಿಯಲ್ಲಿ ಬರೆದುಕೊಡಲು ಹೇಳಿದೆವು, ಫಲಿತಾಂಶ ಸುಧಾರಿಸಿತು.

೨೦೧೭ರಲ್ಲಿ ಪುನೀತ್ ಕಲರ್ಸ್ ಕನ್ನಡದಲ್ಲಿ 'ಫ್ಯಾಮಿಲಿ ಪವರ್' ನಡೆಸಿದರು. ೨೦೧೮ರಲ್ಲಿ ಕೋಟ್ಯಧಿಪತಿಯ ಮೂರನೆಯ ಸರಣಿಗೆ ರಮೇಶ್ ಅರವಿಂದ್ ಬಂದರು, ಅವರದ್ದು ಮೇಷ್ಟ್ರ ಶೈಲಿ, ನಮಗೆ ಇಷ್ಟವಾಯಿತು. ೨೦೧೯ರಲ್ಲಿ ಕಲರ್ಸ್ ಕನ್ನಡದಲ್ಲಿ ಮತ್ತೆ ಪುನೀತ್.

೨೦೨೧ರ ಅಕ್ಟೋಬರ್ ೨೯, ಶುಕ್ರವಾರ. ನಲವತ್ತಾರೇ ವರ್ಷ. ಫೋನಿಗೆ ಸುದ್ದಿ ಬಂದಾಗ ಮೊದಲು ಯಾರೋ ಸುಳ್ಳು ಹಬ್ಬಿಸಿದ್ದಾರೆ ಅಂದುಕೊಂಡೆವು. ಅಪ್ಪನ ಹಾಗೆಯೇ ಮಗನ ಕಣ್ಣುಗಳನ್ನೂ ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರ ಅಂತ ಬೇರೆ ಮಾಡಿ ನಾಲ್ವರಿಗೆ ಜೋಡಿಸಿದರು. ಎರಡು ಕಣ್ಣಿಂದ ನಾಲ್ವರಿಗೆ ಹೇಗೆ ಸಾರ್ ಅಂತ ಮಕ್ಕಳು ಕೇಳಿದಾಗ, ಕಣ್ಣಿನ ಪಾಠವನ್ನು ಅವತ್ತೇ ಮುಂದಕ್ಕೆ ತಂದು ಮಾಡಿದೆವು.

೨೦೨೨ರ ಮಾರ್ಚಿನಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರಿಗೆ ಮರಣೋತ್ತರವಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಅಪ್ಪನಿಗೆ ಕೊಟ್ಟ ಅದೇ ವಿಶ್ವವಿದ್ಯಾಲಯ, ನಲವತ್ತಾರು ವರ್ಷದ ನಂತರ. ಆ ವರ್ಷದ ನವೆಂಬರ್ ೧ರಂದು ವಿಧಾನಸೌಧದ ಮುಂದೆ ಕರ್ನಾಟಕ ರತ್ನ. ವೇದಿಕೆಯ ಮೇಲೆ ರಜನಿಕಾಂತ್ ಇದ್ದರು, ಕನ್ನಡದಲ್ಲೇ ಮಾತಾಡಿದರು. ಬೆಂಗಳೂರಿನಲ್ಲಿ ಹುಟ್ಟಿದ ರಜನಿಕಾಂತರ ಹಿರಿಯರ ಊರು ನಾಚ್ಚಿಕುಪ್ಪಂ, ನಮ್ಮ ಪಕ್ಕದ ಕೃಷ್ಣಗಿರಿ ಜಿಲ್ಲೆಯದು.

ಹಿಂದಿನ ಬೆಂಚಿನ ಹುಡುಗನಿಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು. ಈ ಶನಿವಾರ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ತಾನೇ ಕೂರುತ್ತೇನೆ ಅಂದಿದ್ದಾನೆ. ಹದಿನೈದು ಪ್ರಶ್ನೆ ಬರೆದು ತಾ ಅಂತ ಹೇಳಿದ್ದೇವೆ, ಕನ್ನಡದಲ್ಲಿ.