ಹಳೇ ಸ್ಪೋರ್ಟ್ಸ್ ಕಾರಿನ ಕ್ರೋಮ್ ಮತ್ತೆ ಹೊಳೆಯಬೇಕೇ? ಉಜ್ಜುವ ಮೊದಲು ಲೋಹ ಯಾವುದೆಂದು ತಿಳಿಯಿರಿ

1961ರ ಜಿನೀವಾ ಮೋಟಾರ್ ಶೋನಲ್ಲಿ ಬಿಡುಗಡೆಯಾದ ಜಾಗ್ವಾರ್ ಇ-ಟೈಪ್ ಕಾರಿನ ಚಿತ್ರ ನೋಡಿದ್ದೀರಾ? ಉದ್ದನೆಯ ಬಾನೆಟ್, ತೆಳ್ಳನೆಯ ಬಂಪರ್, ಮುಂಭಾಗದ ಬಾಯಿಗೆ ಅಡ್ಡಲಾಗಿ ಹಾದುಹೋದ ಹೊಳೆಯುವ ಪಟ್ಟಿ. ಇಂಥ ಕಾರಿನ ಬಣ್ಣ ಮಾಸಿದರೆ ಮತ್ತೆ ಹೊಡೆಸಬಹುದು. ಆದರೆ ಹೊರಗಿನ ಲೋಹದ ಅಲಂಕಾರವನ್ನು, ಅಂದರೆ 'ಟ್ರಿಮ್' ಅನ್ನು, ತಪ್ಪಾಗಿ ಉಜ್ಜಿದರೆ ಅರ್ಧ ಶತಮಾನ ಉಳಿದುಬಂದ ಮೂಲ ಭಾಗವೇ ಹಾಳಾಗುತ್ತದೆ.

ಹೊಳೆಯುವುದೆಲ್ಲ ಕ್ರೋಮ್ ಅಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಒಂದೇ ಕಾರಿನಲ್ಲಿ ಮೂರು-ನಾಲ್ಕು ಬಗೆಯ ಲೋಹ ಇರಬಹುದು. ಮೊದಲು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಅದು ಕ್ರೋಮ್ ಲೇಪಿಸಿದ ಉಕ್ಕಾಗಿರಬಹುದು. ಬಂಪರ್‌ಗಳು ಸಾಮಾನ್ಯವಾಗಿ ಇದೇ. ಅಂಟದೆ, ಕೈಗೆ ಹಗುರವಾಗಿದ್ದರೆ ಅಲ್ಯೂಮಿನಿಯಂ ಇರಬಹುದು. ಆ ಕಾಲದ ಬ್ರಿಟಿಷ್ ಕಾರುಗಳ ಬಾಗಿಲ ಹಿಡಿಕೆಯಂಥ ಎರಕದ ಭಾಗಗಳು ಹೆಚ್ಚಾಗಿ ಸತುವಿನ ಮಿಶ್ರಲೋಹದವು. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳಲ್ಲಿ ಕೆಲವು ಬಗೆಗೆ ಅಯಸ್ಕಾಂತ ಹಿಡಿಯುತ್ತದೆ, ಕೆಲವಕ್ಕೆ ಹಿಡಿಯುವುದಿಲ್ಲ ಅಥವಾ ತೀರಾ ಮೆಲ್ಲಗೆ ಹಿಡಿಯುತ್ತದೆ.

ಕ್ರೋಮ್: ಎಚ್ಚರಿಕೆ ಅಗತ್ಯ

ಕ್ರೋಮ್ ಲೇಪನ ಎಂದರೆ ಒಂದೇ ಪದರವಲ್ಲ. ಸಾಮಾನ್ಯವಾಗಿ ಕೆಳಗೆ ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕಿಂತ ಮೇಲೆ ಒಂದು ಮೈಕ್ರಾನ್‌ಗಿಂತಲೂ ತೆಳುವಾದ ಕ್ರೋಮ್. ತುಕ್ಕಿನಿಂದ ಕಾಪಾಡುವ ಮುಖ್ಯ ಕೆಲಸ ನಿಕ್ಕಲ್‌ನದು. ಸಣ್ಣ ರಂಧ್ರಗಳಲ್ಲಿ ತೇವ ಇಳಿದಾಗ ಕೆಳಗಿನ ಉಕ್ಕು ತುಕ್ಕು ಹಿಡಿದು ಚುಕ್ಕೆ ಮೂಡುತ್ತದೆ.

ಚುಕ್ಕೆಗಳು ಚಿಕ್ಕದಿದ್ದರೆ ಅಲ್ಯೂಮಿನಿಯಂ ಫಾಯಿಲ್ ಅನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಫಾಯಿಲ್ ಕ್ರೋಮ್‌ಗಿಂತ ಮೆದು, ಹಾಗಾಗಿ ಗೀರು ಬೀಳುವ ಭಯ ಕಡಿಮೆ. ಲೇಪನ ಎದ್ದುಬಂದಿದ್ದರೆ ಯಾವ ಪಾಲಿಷ್‌ನಿಂದಲೂ ಪ್ರಯೋಜನವಿಲ್ಲ. ಹಳೆಯದನ್ನು ತೆಗೆಸಿ ಮರುಲೇಪನ ಮಾಡಿಸುವುದೊಂದೇ ದಾರಿ. ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ಲೇಪನಕ್ಕೆ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ.

ಸತುವಿನ ಭಾಗಗಳದ್ದು ಇನ್ನೂ ಕಷ್ಟ. ಲೇಪನದಡಿ ಗುಂಡಿ ಬಿದ್ದರೆ ಅದನ್ನು ಕೊರೆದು, ತುಂಬಿ, ನಂತರ ಲೇಪಿಸಬೇಕು. ಆಮ್ಲ ತಾಗಿದರೆ ಸತು ಕರಗುತ್ತದೆ. ಹಿತ್ತಾಳೆ ಪಾತ್ರೆಗೆ ಹಚ್ಚುವ ಹುಣಸೆಹಣ್ಣು, ನಿಂಬೆರಸದ ಉಪಾಯ ಇಲ್ಲಿ ಬೇಡ.

ಸ್ಟೀಲ್ ಸುಲಭ, ಅಲ್ಯೂಮಿನಿಯಂ ಸೂಕ್ಷ್ಮ

ಸ್ಟೇನ್‌ಲೆಸ್ ಸ್ಟೀಲ್‌ಗೆ ಲೇಪನವಿಲ್ಲ, ಒಳಗೂ ಹೊರಗೂ ಒಂದೇ ಲೋಹ. ಹಾಗಾಗಿ ತಗ್ಗನ್ನು ಹಿಂಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಸರಿಪಡಿಸಬಹುದು. ನಂತರ 400, 800, 1200, 2000 ಹೀಗೆ ಹಂತಹಂತವಾಗಿ ನಯವಾದ ವಾಟರ್ ಪೇಪರ್ ಬಳಸಿ, ಕೊನೆಗೆ ಬಫಿಂಗ್ ಮಾಡಿದರೆ ಹೊಸದರಂತಾಗುತ್ತದೆ.

ಹಳೆಯ ಪೋರ್ಷೆ 911 ಕಾರಿನ ಅಲಂಕಾರ ಪಟ್ಟಿಗಳಂಥ ಆನೋಡೈಸ್ ಮಾಡಿದ ಅಲ್ಯೂಮಿನಿಯಂ ಹಾಗಲ್ಲ. ಅದರ ಮೇಲಿನ ಗಟ್ಟಿ ಆಕ್ಸೈಡ್ ಪದರವೇ ರಕ್ಷಾಕವಚ. ಕಾಸ್ಟಿಕ್ ಸೋಡಾ ಇರುವ ಕ್ಲೀನರ್ ಆ ಪದರವನ್ನು ಕರಗಿಸುತ್ತದೆ. ಅದು ಹೋದ ಮೇಲೆ ಪಾಲಿಷ್ ಹಾಕಿದರೂ ಹೊಳಪು ಹೆಚ್ಚು ದಿನ ನಿಲ್ಲದು. ಮತ್ತೆ ಆನೋಡೈಸ್ ಮಾಡಿಸಲೇಬೇಕು.

ಉಳಿಸಿಕೊಳ್ಳುವುದು ಹೇಗೆ?

* ಮುಂಬೈ, ಚೆನ್ನೈ, ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಉಪ್ಪಿನ ಗಾಳಿಯೇ ದೊಡ್ಡ ಶತ್ರು. ಓಡಿಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ.
* ಬಟ್ಟೆ ಒಗೆಯುವ ಪುಡಿ ಬೇಡ. ಕಾರಿಗೆಂದೇ ಸಿಗುವ ಸೌಮ್ಯ ಶಾಂಪೂ ಸಾಕು.
* ಎರಡು-ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಹಚ್ಚಿ. ಬಂಪರ್‌ನ ಒಳಮೈಗೂ ಮರೆಯದೆ ಹಚ್ಚಿ. ಕಣ್ಣಿಗೆ ಬೀಳದ ಅಲ್ಲಿಂದಲೇ ತುಕ್ಕು ಶುರುವಾಗುವುದುಂಟು.
* ಅಲ್ಯೂಮಿನಿಯಂ ಪಟ್ಟಿಗೆ ಉಕ್ಕಿನ ಸ್ಕ್ರೂ ನೇರವಾಗಿ ತಾಗಿ ತೇವ ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ನೈಲಾನ್ ವಾಷರ್ ಹಾಕಿಸಿ.
* ಪ್ಲಾಸ್ಟಿಕ್ ಹೊದಿಕೆ ಒಳಗೆ ತೇವ ಹಿಡಿದಿಡುತ್ತದೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಒಳ್ಳೆಯದು.

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೆದು, ಕ್ಲಿಪ್ ಮತ್ತು ಸ್ಕ್ರೂಗಳನ್ನು ಹೆಸರು ಬರೆದ ಚೀಲಗಳಲ್ಲಿಡಿ. ಮೂಲ ಭಾಗ ಸ್ವಲ್ಪ ಮಾಸಿದ್ದರೂ ಎಸೆಯಬೇಡಿ. ಹೊಸ ಬದಲಿ ಪಟ್ಟಿ ಎಷ್ಟೇ ಮಿಂಚಿದರೂ ಕೆಲವೊಮ್ಮೆ ಹಳೆಯದರಷ್ಟು ಸರಿಯಾಗಿ ಕೂರುವುದಿಲ್ಲ.