ಸ್ಟಾರ್ಟರ್ ಕಿತ್ತು ಎಲ್‌ಇಡಿ ಟ್ಯೂಬ್ ಹಾಕಿದರೆ ಸಾಕೇ? ಹಳೆ ಟ್ಯೂಬ್‌ಲೈಟ್ ಪಟ್ಟಿ ಬದಲಿಸುವ ಮುನ್ನ ಇದನ್ನು ಓದಿ

ಹಳೆ ಟ್ಯೂಬ್‌ಲೈಟಿನ ಸ್ಟಾರ್ಟರ್ ಕಿತ್ತು, ಅದೇ ಪಟ್ಟಿಗೆ ಯಾವುದಾದರೂ ಎಲ್‌ಇಡಿ ಟ್ಯೂಬ್ ಸಿಕ್ಕಿಸಿದರೆ ಕೆಲಸ ಮುಗಿಯಿತು, ವೈರಿಂಗ್ ಮುಟ್ಟಬೇಕಿಲ್ಲ ಎಂಬ ಸಲಹೆ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರಬಹುದು. ಇದು ಅರ್ಧ ನಿಜ. ಉಳಿದರ್ಧ ಅಪಾಯಕಾರಿ, ಅದರಲ್ಲೂ ಮನೆಯಲ್ಲೇ ಯಂತ್ರ ಇಟ್ಟುಕೊಂಡು ದುಡಿಯುವವರಿಗೆ.

ಶಿಡ್ಲಘಟ್ಟದಲ್ಲಿ ಮನೆಗೆ ಅಂಟಿಕೊಂಡ ಕೋಣೆಯಲ್ಲೇ ರೇಷ್ಮೆ ನೂಲು ಬಿಚ್ಚುವವರಿದ್ದಾರೆ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಕಡೆ ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ಬಡಗಿ ಕೆಲಸ, ವೆಲ್ಡಿಂಗ್, ಬೋರ್‌ವೆಲ್ ಮೋಟಾರ್ ರಿಪೇರಿ ನಡೆಯುತ್ತದೆ. ಇಂಥ ಕಡೆ ಬೆಳಕು ಚೆನ್ನಾಗಿರಬೇಕು, ಸುರಕ್ಷಿತವಾಗಿಯೂ ಇರಬೇಕು.

ಬದಲಿಸುವುದರಿಂದ ಲಾಭ ಇದೆಯೇ?

ಇದೆ. ನಾಲ್ಕು ಅಡಿಯ ಹಳೆ ಟ್ಯೂಬ್ 36 ವ್ಯಾಟ್‌ನದ್ದು. ತಾಮ್ರದ ಚೋಕ್ ತಾನೇ ಬಿಸಿಯಾಗಿ ಇನ್ನೂ ಸುಮಾರು 10 ವ್ಯಾಟ್ ತಿನ್ನುತ್ತದೆ. ಅದೇ ಜಾಗಕ್ಕೆ 18ರಿಂದ 20 ವ್ಯಾಟ್‌ನ ಎಲ್‌ಇಡಿ ಸಾಕು. ದಿನಕ್ಕೆ 8 ಗಂಟೆ ಉರಿಸಿದರೆ ಒಂದು ಟ್ಯೂಬಿಗೆ ತಿಂಗಳಿಗೆ ಸುಮಾರು 6 ಯೂನಿಟ್ ಉಳಿಯುತ್ತದೆ. ಆದರೆ ಈ ಉಳಿತಾಯ ದೀಪದ ಪಾಲಿನದ್ದು ಮಾತ್ರ. ಮೋಟಾರ್ ಓಡುವ ಮನೆಯಲ್ಲಿ ಇಡೀ ಬಿಲ್ ಅರ್ಧವಾಗುವುದಿಲ್ಲ.

ಇನ್ನೊಂದು ಲಾಭದ ಬಗ್ಗೆ ಫಾರ್ವರ್ಡ್‌ಗಳು ಹೇಳುವುದೇ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು. ಹಾಗಾಗಿ ತಾಮ್ರದ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಇದು ತಿಳಿಯದು. ಆದರೆ ನಾಲ್ಕು ಕಡ್ಡಿಯ ಚಕ್ರವೊಂದು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ, ಬೆಳಕು ಬೆಳಗಿದಾಗಲೆಲ್ಲ ಕಡ್ಡಿಗಳು ಅದೇ ಜಾಗದಲ್ಲಿ ಕಾಣುತ್ತವೆ. ಚಕ್ರ ನಿಂತಂತೆ ತೋರುತ್ತದೆ. ವೇಗ 1440ಕ್ಕೆ ಇಳಿದರೆ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ನಿಂತಿದೆ ಎಂದುಕೊಂಡು ಕೈ ಹಾಕಿದರೆ ಬೆರಳು ಹೋಗುತ್ತದೆ. ಸೀರೆ ಸೆರಗೋ ನೂಲೋ ಸಿಕ್ಕಿಕೊಂಡರೂ ಅಷ್ಟೇ ಅಪಾಯ.

ಎಲ್ಲ ಎಲ್‌ಇಡಿಯೂ ಇದಕ್ಕೆ ಪರಿಹಾರವಲ್ಲ. ಒಳಗಿನ ಡ್ರೈವರ್ ಕಳಪೆಯಾಗಿದ್ದರೆ ಅದೂ ಹೀಗೆಯೇ ಮಿನುಗುತ್ತದೆ. ನಿಮ್ಮ ಫೋನಿನ ಸ್ಲೋ ಮೋಷನ್ ವಿಡಿಯೊದಲ್ಲಿ ದೀಪವನ್ನು ಸೆರೆಹಿಡಿದು ನೋಡಿ. ಬೆಳಕು ಏರಿಳಿಯುವುದು ಎದ್ದು ಕಂಡರೆ ಆ ಟ್ಯೂಬ್ ಯಂತ್ರದ ಬಳಿ ಬೇಡ.

ಸ್ಟಾರ್ಟರ್ ಕಿತ್ತರೆ ಏಕೆ ಸಾಲದು?

ಎಲ್‌ಇಡಿ ಟ್ಯೂಬ್‌ಗಳು ಹೊರಗಿನಿಂದ ಒಂದೇ ರೀತಿ ಕಂಡರೂ ಕರೆಂಟ್ ಪಡೆಯುವ ರೀತಿ ಬೇರೆ ಬೇರೆ.

ಎರಡೂ ತುದಿಯಿಂದ ಕರೆಂಟ್ ಪಡೆಯುವ ಟ್ಯೂಬ್: ಒಂದು ತುದಿಗೆ ಫೇಸ್, ಇನ್ನೊಂದಕ್ಕೆ ನ್ಯೂಟ್ರಲ್. ಸ್ಟಾರ್ಟರ್ ಕಿತ್ತರೆ ತಾಮ್ರದ ಚೋಕ್ ಮೂಲಕವೇ ಇದು ಉರಿಯಬಹುದು. ಫಾರ್ವರ್ಡ್ ನಿಜವೆನಿಸುವುದು ಇಲ್ಲೇ.

ಒಂದೇ ತುದಿಯಿಂದ ಪಡೆಯುವ ಟ್ಯೂಬ್: ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಯ ಎರಡು ಪಿನ್‌ಗಳಿಗೆ ಬರಬೇಕು. ಸ್ಟಾರ್ಟರ್ ಕಿತ್ತರೆ ಇದು ಉರಿಯುವುದೇ ಇಲ್ಲ. ಕೆಲವದರ ಜೊತೆ ಸ್ಟಾರ್ಟರ್ ಜಾಗಕ್ಕೆ ಹಾಕುವ ಬದಲಿ ತುಂಡನ್ನೂ ಕೊಟ್ಟಿರುತ್ತಾರೆ.

ಪಟ್ಟಿಯಲ್ಲಿ ಎಲೆಕ್ಟ್ರಾನಿಕ್ ಚೋಕ್ ಇದ್ದರೆ ಕೀಳಲು ಸ್ಟಾರ್ಟರ್ ಇರುವುದೇ ಇಲ್ಲ. ಆ ಚೋಕಿಗೆ ಹೊಂದದ ಎಲ್‌ಇಡಿ ಹಾಕಿದರೆ ಟ್ಯೂಬ್ ಮಿನುಗಬಹುದು, ಸುಟ್ಟೂ ಹೋಗಬಹುದು.

ಆದ್ದರಿಂದ ಟ್ಯೂಬಿನ ಪೆಟ್ಟಿಗೆಯ ಮೇಲಿರುವ ವೈರಿಂಗ್ ಚಿತ್ರವೇ ಕೊನೆಯ ಮಾತು. ಚಿತ್ರವಿಲ್ಲದ ಟ್ಯೂಬ್ ಕೊಳ್ಳಬೇಡಿ.

ಸುರಕ್ಷಿತವಾಗಿ ಬದಲಿಸುವುದು ಹೇಗೆ?

1. ಗೋಡೆಯ ಸ್ವಿಚ್ ಆಫ್ ಮಾಡಿದರೆ ಸಾಲದು, ಮೇನ್ ಆಫ್ ಮಾಡಿ. ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಫೇಸಿಗೆ ಬದಲು ನ್ಯೂಟ್ರಲ್‌ಗೆ ಕೊಟ್ಟಿರುವುದುಂಟು. ಆಗ ದೀಪ ಆರಿದ್ದರೂ ಪಟ್ಟಿಯೊಳಗೆ ಕರೆಂಟ್ ಇರುತ್ತದೆ. ಮೇನ್ ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ನೋಡಿ.

2. ಚೋಕ್, ಸ್ಟಾರ್ಟರ್ ಎರಡನ್ನೂ ತೆಗೆಸಿ, ಚಿತ್ರದಲ್ಲಿರುವಂತೆ ನೇರ ವೈರಿಂಗ್ ಮಾಡಿಸಿ. ಚೋಕ್ ಇಟ್ಟುಕೊಂಡೇ ಹಾಕುವ ಟ್ಯೂಬ್ ಆದರೆ ಮಾತ್ರ ಬಿಡಿ. ಇದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

3. ತಗಡಿನ ಪಟ್ಟಿಗೆ ಅರ್ಥಿಂಗ್ ಕೊಡಿಸಿ. ಕೈ, ನೆಲ ಎರಡೂ ಒದ್ದೆಯಾಗಿರುವ ರೀಲಿಂಗ್ ಕೋಣೆಯಲ್ಲಿ ಇದು ಕಡ್ಡಾಯವೆಂದೇ ತಿಳಿಯಿರಿ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಕುದಿನೀರಿನ ಹಬೆ ತಾಗುವ ಕಡೆ ತೆರೆದ ಪಟ್ಟಿ ಬೇಡ, ನೀರು ಹೋಗದ ಐಪಿ65 ಫಿಟ್ಟಿಂಗ್ ಹಾಕಿಸಿ.

4. ಪಟ್ಟಿಯ ಮೇಲೆ ‘ಎಲ್‌ಇಡಿ ಮಾತ್ರ’ ಎಂದೂ ಕರೆಂಟ್ ಯಾವ ತುದಿಗೆ ಬರುತ್ತದೆ ಎಂದೂ ಬರೆದು ಅಂಟಿಸಿ. ಒಂದೇ ತುದಿಗೆ ವೈರಿಂಗ್ ಮಾಡಿದ ಪಟ್ಟಿಗೆ ನಾಳೆ ಯಾರಾದರೂ ಎರಡು ತುದಿಯ ಟ್ಯೂಬ್ ಹಾಕಿದರೆ ನೇರ ಶಾರ್ಟ್ ಸರ್ಕ್ಯೂಟ್ ಆಗಬಹುದು.

5. ಟ್ಯೂಬ್ ಸಿಕ್ಕಿಸುವಾಗಲೂ ಮೇನ್ ಆಫ್ ಇರಲಿ. ಎರಡು ತುದಿಯ ಕೆಲವು ಟ್ಯೂಬ್‌ಗಳಲ್ಲಿ ಒಂದು ತುದಿ ಕೂತ ಕೂಡಲೇ ಇನ್ನೊಂದು ತುದಿಯ ಪಿನ್‌ಗೆ ಕರೆಂಟ್ ಬರುತ್ತದೆ. ಸ್ಟೂಲ್ ಮೇಲೆ ನಿಂತು ಅದನ್ನು ಮುಟ್ಟಿದರೆ ಶಾಕ್ ಜೊತೆಗೆ ಬೀಳುವ ಅಪಾಯವೂ ಇದೆ.

ಪಟ್ಟಿ ತುಕ್ಕು ಹಿಡಿದಿದ್ದರೆ, ಹೋಲ್ಡರ್ ಸಡಿಲವಾಗಿದ್ದರೆ ರಿಪೇರಿಯ ಗೊಡವೆ ಬೇಡ. ಹೊಸ ಎಲ್‌ಇಡಿ ಬ್ಯಾಟನ್ ಹಾಕಿಸುವುದೇ ಸುಲಭ.

ಹಳೆ ಟ್ಯೂಬ್ ಏನು ಮಾಡುವುದು?

ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. ಒಂದು ಟ್ಯೂಬ್ ಒಡೆದರೆ ಇಡೀ ಮನೆಯವರ ಪ್ರಾಣ ಹೋಗುತ್ತದೆ ಎಂಬುದು ಸುಳ್ಳು. ಹಾಗೆಂದು ಅಸಡ್ಡೆಯೂ ಸಲ್ಲದು. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದು 10–15 ನಿಮಿಷ ಬಿಡಿ. ಪೊರಕೆಯಿಂದ ಗುಡಿಸಬೇಡಿ. ಗ್ಲೌಸ್ ಹಾಕಿಕೊಂಡು ಚೂರುಗಳನ್ನು ರಟ್ಟಿನಿಂದ ಎತ್ತಿ, ಒದ್ದೆ ಬಟ್ಟೆಯಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಕ್ಕೆ ಹಾಕಿ. ತಿಪ್ಪೆಗೆ ಹಾಕುವುದು, ಸುಡುವುದು ಬೇಡ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಪಾದರಸದ ದೀಪಗಳು ಇ-ತ್ಯಾಜ್ಯ.

ಆ ಫಾರ್ವರ್ಡ್ ನಿಮ್ಮ ಗುಂಪಿಗೆ ಮತ್ತೆ ಬಂದರೆ ಇಷ್ಟು ಉತ್ತರಿಸಿ: ಮೊದಲು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ, ಮೇನ್ ಆಫ್ ಮಾಡಿ, ಆಮೇಲೆ ಟ್ಯೂಬ್ ಮುಟ್ಟಿ.