ಕೋವಿಯ ಮೇಲೆ ದುರ್ಬೀನನ್ನು ಕೂರಿಸಿದ ಕಥೆ

ದೂರದ ವಸ್ತುವನ್ನು ಸಮೀಪಕ್ಕೆ ತಂದು ತೋರಿಸುವ ದುರ್ಬೀನು ಯೂರೋಪಿನಲ್ಲಿ 1608ರ ವೇಳೆಗೆ ಬಳಕೆಗೆ ಬಂದಿತು. ಕೋವಿಯು ಅದಕ್ಕಿಂತಲೂ ಹಳೆಯದು. ಆದರೂ ಇವೆರಡನ್ನೂ ಒಂದುಗೂಡಿಸಿ ಸೈನಿಕನ ಕೈಗೆ ಕೊಡುವ ಕಾರ್ಯವು ಇಪ್ಪತ್ತನೆಯ ಶತಮಾನದವರೆಗೂ ಸರಿಯಾಗಿ ಕೈಗೂಡಲಿಲ್ಲ. ಗಾಜನ್ನು ಉಜ್ಜಿ ನಯಗೊಳಿಸುವ ವಿದ್ಯೆಯು ಬಹುಕಾಲದಿಂದಲೂ ಇದ್ದಿತು. ಗಾಜನ್ನು ಕೋವಿಯ ಯಾವ ಭಾಗದಲ್ಲಿ ನಿಲ್ಲಿಸಬೇಕೆಂಬುದೇ ತೀರ್ಮಾನವಾಗದೆ ಉಳಿದಿತ್ತು. ಸಣ್ಣದೆಂದು ತೋರುವ ಈ ಪ್ರಶ್ನೆಗೆ ತಪ್ಪು ಉತ್ತರವನ್ನು ಕೊಟ್ಟ ಸೈನ್ಯಗಳು ಅದರ ಬೆಲೆಯನ್ನು ಮನುಷ್ಯರ ಪ್ರಾಣಗಳಿಂದ ತೆರಬೇಕಾಯಿತು.

ವಿಷಯವು ಸ್ಪಷ್ಟವಾಗಬೇಕಾದರೆ ಕೋವಿಯ ರಚನೆಯನ್ನು ಸ್ವಲ್ಪ ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎಲ್ಲ ದೊಡ್ಡ ಸೈನ್ಯಗಳೂ ಬೋಲ್ಟು ಕೋವಿಯನ್ನು ಅಂಗೀಕರಿಸಿದ್ದವು. ಬಾಗಿಲಿನ ಅಗುಳಿಯಂತೆ ಇದರ ಹಿಡಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಬರಿದಾದ ತೋಟೆಯು ಹೊರಬೀಳುವುದು. ಮುಂದಕ್ಕೆ ತಳ್ಳಿ ಕೆಳಗಿಳಿಸಿದರೆ ಹೊಸ ತೋಟೆಯು ನಳಿಗೆಯನ್ನು ಸೇರುವುದು. ಐದು ತೋಟೆಗಳನ್ನು ಪೋಣಿಸಿದ ಲೋಹದ ಪಟ್ಟಿಯನ್ನು ಮೇಲಿನಿಂದ ಚುಚ್ಚಿ, ಹೆಬ್ಬೆರಳಿನಿಂದ ಒಮ್ಮೆಲೇ ಒಳಕ್ಕೆ ಒತ್ತಬಹುದಾಗಿತ್ತು. ಹೀಗೆ ಬೋಲ್ಟಿನ ಹಿಡಿಯು ಏಳುವುದೂ ತೋಟೆಯು ಇಳಿಯುವುದೂ ಹಾರುವುದೂ ಎಲ್ಲವೂ ನಳಿಗೆಯ ಹಿಂಭಾಗದ ಒಂದೇ ಸ್ಥಳದಲ್ಲಿ. ದುರ್ಬೀನು ಕಣ್ಣಿಗೆ ಒದಗಬೇಕಾದರೆ ಅದೂ ಅಲ್ಲಿಯೇ ಇರಬೇಕು. ಒಂದೇ ಜಗುಲಿಯ ಮೇಲೆ ಇಷ್ಟು ಜನಕ್ಕೆ ಸ್ಥಳವೆಲ್ಲಿ?

1860ರ ದಶಕದ ಅಮೆರಿಕದ ಅಂತರ್ಯುದ್ಧದಲ್ಲಿ ಈ ತೊಡಕು ಇನ್ನೂ ಹುಟ್ಟಿರಲಿಲ್ಲ. ಆಗಿನ ಕೋವಿಗೆ ಮದ್ದುಗುಂಡುಗಳನ್ನು ಬಾಯಿಯಿಂದ ತುಂಬುತ್ತಿದ್ದರು. ಕೆಲವರು ನಳಿಗೆಯಷ್ಟೇ ಉದ್ದದ ದುರ್ಬೀನನ್ನು ಅದರ ಮೇಲೆಯೇ ಮಲಗಿಸಿದರು. ದಕ್ಷಿಣದವರು ಬಳಸಿದ ವಿಟ್‌ವರ್ತ್ ಕೋವಿಗಳಲ್ಲಿ ಕೆಲವಕ್ಕೆ ಡೇವಿಡ್‌ಸನ್ ಎಂಬ ಅಧಿಕಾರಿಯು ಕಲ್ಪಿಸಿದ ದುರ್ಬೀನನ್ನು ಎಡಮಗ್ಗುಲಿಗೆ ಜೋಡಿಸಿದ್ದರು.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಗಿ, ಎರಡು ಪಕ್ಷದವರೂ ಕಂದಕಗಳಲ್ಲಿ ಹುದುಗಿ ಕುಳಿತ ಮೇಲೆ ಪ್ರಶ್ನೆಯು ತೀವ್ರವಾಯಿತು. ಜರ್ಮನಿಯಲ್ಲಿ ಬೇಟೆಯ ಸಂಪ್ರದಾಯವು ಬಲವಾಗಿದ್ದಿತು. ಗಾಜಿನ ಕಾರ್ಖಾನೆಗಳೂ ಅಲ್ಲಿದ್ದವು. ಬೇಟೆಗಾರರ ದುರ್ಬೀನು ಕೋವಿಗಳು ಬೇಗನೆ ಕಂದಕಗಳನ್ನು ಸೇರಿದವು. ಅವರು ದುರ್ಬೀನನ್ನು ನಳಿಗೆಯ ನೇರಕ್ಕೆ ಮೇಲ್ಗಡೆ, ಉಗುರುಗಳಂಥ ಕೊಕ್ಕೆಗಳುಳ್ಳ ಪೀಠದ ಮೇಲೆ ನಿಲ್ಲಿಸಿದರು. ಬೋಲ್ಟಿನ ಹಿಡಿಯನ್ನು ಕೆಳಕ್ಕೆ ಬಾಗಿಸಿದರು. ತೋಟೆಪಟ್ಟಿಗೆ ದಾರಿಯು ತಪ್ಪಿ, ಒಂದೊಂದೇ ತೋಟೆಯನ್ನು ತುಂಬಬೇಕಾಯಿತು. ಹೊಂಚುಹಾಕಿ ಒಂದೇ ಗುಂಡು ಹಾರಿಸುವವನಿಗೆ ಅದರಿಂದ ಆಗುವ ನಷ್ಟವೇನು? ಅದೇ ಕಾಲದಲ್ಲಿ, 1915ರ ಕೊನೆಯವರೆಗೆ, ನಮ್ಮ ದೇಶದ ಪದಾತಿಗಳೂ ಫ್ರಾನ್ಸಿನ ಕಂದಕಗಳಲ್ಲಿದ್ದರು. ಅಲ್ಲಿ ತಲೆಯನ್ನು ಒಂದು ಗೇಣು ಮೇಲೆತ್ತುವುದೂ ಅಪಾಯಕರವಾಗಿತ್ತು.

ಆಂಗ್ಲೇಯರ ಸೈನ್ಯವು ಬೇರೆ ದಾರಿಯನ್ನು ಹಿಡಿಯಿತು. ಅವರ ಲೀ–ಎನ್‌ಫೀಲ್ಡ್ ಕೋವಿಯು ಹತ್ತು ತೋಟೆಗಳನ್ನು ಹಿಡಿಯುತ್ತಿತ್ತು. ಶೀಘ್ರವಾಗಿ ಗುಂಡು ಹಾರಿಸುವುದೇ ಅವರ ಶಿಕ್ಷಣದ ಹೆಮ್ಮೆಯಾಗಿತ್ತು. ತೋಟೆಪಟ್ಟಿಯ ದಾರಿಗೆ ಅಡ್ಡ ಬರಬಾರದೆಂದು ಅವರು ಪೆರಿಸ್ಕೋಪಿಕ್ ಪ್ರಿಸಂ, ಆಲ್ಡಿಸ್ ಮುಂತಾದ ಸಂಸ್ಥೆಗಳ ದುರ್ಬೀನುಗಳನ್ನು ಕೋವಿಯ ಎಡಮಗ್ಗುಲಿಗೆ ಸರಿಸಿ ಜೋಡಿಸಿದರು. ವೇಗವೇನೋ ಉಳಿಯಿತು; ಆದರೆ ವೇಗದ ಅವಶ್ಯಕತೆಯೇ ಇಲ್ಲದವನ ಕೈಗೆ ಆ ಕೋವಿಯನ್ನು ಕೊಟ್ಟಿದ್ದರು.

ಇದರಿಂದಾದ ತೊಂದರೆಗಳು ಮೂರು. ಮೊದಲನೆಯದಾಗಿ, ನೋಟದ ರೇಖೆಯು ಎಡಕ್ಕಿದ್ದು ಗುಂಡಿನ ದಾರಿಯು ಬಲಕ್ಕಿದ್ದುದರಿಂದ ಇವೆರಡೂ ಒಂದೇ ದೂರದಲ್ಲಿ ಮಾತ್ರ ಸಂಧಿಸುತ್ತಿದ್ದವು. 200 ಗಜದಲ್ಲಿ ಸಂಧಿಸುವಂತೆ ಹೊಂದಿಸಿದರೆ, 400 ಗಜದಲ್ಲಿ ಗುಂಡು ಮೊದಲಿನ ಅಂತರದಷ್ಟೇ ಎಡಕ್ಕೆ ಹೋಗಿರುತ್ತಿತ್ತು. ಈ ದೋಷವು ಕೆಲವೇ ಅಂಗುಲಗಳದು, ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ಎರಡನೆಯದಾಗಿ, ಕಣ್ಣು ಎಡಕ್ಕೆ ಸರಿದುದರಿಂದ ಕೆನ್ನೆಗೆ ಕೋವಿಯ ಮರದ ಆಸರೆಯು ತಪ್ಪಿ, ತಲೆಯು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಮೂರನೆಯದೇ ಅತ್ಯಂತ ಘೋರವಾದುದು. ಕಂದಕದ ಅಂಚಿನಲ್ಲಿ ಉಕ್ಕಿನ ತಗಡನ್ನು ನೆಟ್ಟು, ಅದರ ಕಿರುಗಿಂಡಿಯಿಂದ ಗುಂಡು ಹಾರಿಸುತ್ತಿದ್ದರು. ನಳಿಗೆಯು ಕಿಂಡಿಯಲ್ಲಿ ತೂರಿದರೆ ಪಕ್ಕದ ದುರ್ಬೀನಿಗೆ ಕಾಣುತ್ತಿದ್ದುದು ಉಕ್ಕಿನ ತಗಡು ಮಾತ್ರ! ಕಿಂಡಿಯನ್ನು ದೊಡ್ಡದು ಮಾಡಿದರೆ ಶತ್ರುವಿನ ಗುಂಡಿಗೆ ಬಾಗಿಲು ತೆರೆದಂತಾಗುತ್ತಿತ್ತು.

ಈ ದೋಷವನ್ನು ದೃಢವಾಗಿ ಎತ್ತಿ ಹೇಳಿದವರಲ್ಲಿ ಹೆಸ್ಕೆತ್–ಪ್ರಿಚರ್ಡ್ ಮುಖ್ಯನು. ಈತನು ದೊಡ್ಡ ಬೇಟೆಗಾರ, ಪ್ರವಾಸಿ, ಹ್ಯಾಂಪ್‌ಷೈರಿನ ಪರವಾಗಿ ಆಡಿದ ಕ್ರಿಕೆಟ್ ಆಟಗಾರ. ದುರ್ಬೀನು ಕೋವಿಗಳನ್ನು ಪರೀಕ್ಷಿಸುತ್ತ ಕಂದಕದಿಂದ ಕಂದಕಕ್ಕೆ ಅಲೆದ ಈತನು, ಅವುಗಳನ್ನು ಹಿಡಿದವರಲ್ಲಿ ಅನೇಕರಿಗೆ ಗುರಿಯನ್ನು ಹೊಂದಿಸುವ ಕ್ರಮವೇ ತಿಳಿಯದೆಂಬುದನ್ನು ಕಂಡನು. 1916ರಲ್ಲಿ ಫ್ರಾನ್ಸಿನ ಲಿಂಗೆಮ್ ಗ್ರಾಮದಲ್ಲಿ ಹೊಂಚುಗಾರರಿಗಾಗಿ ಶಾಲೆಯನ್ನು ನಡೆಸಿದನು. 1920ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಪಕ್ಕದ ಜೋಡಣೆಯನ್ನು ಬಲವಾಗಿ ಖಂಡಿಸಿದನು. ದುರ್ಬೀನು ಮೇಲ್ಗಡೆಯೇ ನಿಂತ ಪ್ಯಾಟರ್ನ್ 14 ಕೋವಿಯು ಆಂಗ್ಲೇಯರ ಸೈನ್ಯಕ್ಕೆ ಒಪ್ಪಿಗೆಯಾದುದು 1918ರಲ್ಲಿ. ಅಷ್ಟರಲ್ಲಿ ಯುದ್ಧವೇ ಮುಗಿಯುತ್ತ ಬಂದಿತ್ತು.

ಎರಡನೆಯ ಮಹಾಯುದ್ಧದಲ್ಲಿ ಪ್ರಯೋಗಗಳು ಮತ್ತೆ ನಡೆದವು. ಜರ್ಮನಿಯವರು 1941ರಲ್ಲಿ ತೋಟೆಪಟ್ಟಿಗೂ ದಾರಿಯಿರಲೆಂದು, ಒಂದೂವರೆ ಪಟ್ಟು ಮಾತ್ರ ಹಿಗ್ಗಿಸುವ ಕಿರುದುರ್ಬೀನನ್ನು ಬಹಳ ಮುಂದಕ್ಕೆ, ನಳಿಗೆಯ ಹಿಂದಿನ ಗುರಿಪಟ್ಟಿಯ ಬಳಿ ಕೂರಿಸಿದರು. ಕಣ್ಣಿಗೆ ದೂರವಾದ ಆ ಗಾಜಿನಲ್ಲಿ ಕಾಣುವ ಬಯಲು ಕಿರಿದಾಗಿದ್ದು, ಅದು ಹೊಂಚುಗಾರರ ಮೆಚ್ಚುಗೆಯನ್ನು ಪಡೆಯಲಿಲ್ಲ. ರಷ್ಯದವರು 1942ರಿಂದ ಮೊಸಿನ್ ಕೋವಿಯ ಎಡಮಗ್ಗುಲಿಗೆ ಪೀಠವನ್ನು ಬಿಗಿದು, ದುರ್ಬೀನನ್ನು ಮಾತ್ರ ನಳಿಗೆಯ ನೇರಕ್ಕೆ ಮೇಲೆ ನಿಲ್ಲಿಸಿದರು. ಬೋಲ್ಟಿನ ಹಿಡಿಯನ್ನು ಉದ್ದಮಾಡಿ ಬಾಗಿಸಿದರು.

ಆಂಗ್ಲೇಯರೂ ಅದೇ ವರ್ಷ ಇಂಥದೇ ತೀರ್ಮಾನಕ್ಕೆ ಬಂದರು. ನಾಲ್ಕನೆಯ ನಂಬರಿನ ಎನ್‌ಫೀಲ್ಡ್ ಕೋವಿಗಳಲ್ಲಿ ಉತ್ತಮವಾದುವನ್ನು ಆರಿಸಿ, ನಮ್ಮ ದೇಶದ ರಾಜರ ಶಿಕಾರಿಗೂ ಕೋವಿಗಳನ್ನು ಮಾಡಿಕೊಡುತ್ತಿದ್ದ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಗೆ ಒಪ್ಪಿಸಿದರು. ಅಲ್ಲಿಯ ಕುಶಲಿಗಳು ಕೋವಿಯ ಎಡಗಡೆಗೆ ಎರಡು ಉಕ್ಕಿನ ಮೆತ್ತೆಗಳನ್ನು ಕೂರಿಸಿ, ಅವುಗಳಿಗೆ ಪೀಠವನ್ನು ಎರಡು ತಿರುಪುಗಳಿಂದ ಬಿಗಿದರು. ಮೂರು ಪಟ್ಟು ಹಿಗ್ಗಿಸುವ ದುರ್ಬೀನು ಎತ್ತರವಾಯಿತೆಂದು, ಕೆನ್ನೆಗೆ ಆಸರೆಯಾಗಿ ಮರದ ತುಂಡೊಂದನ್ನು ಹಿಂಬದಿಗೆ ಸೇರಿಸಿದರು. ಒಂದು ಕೋವಿಗೆ ಹೊಂದಿಸಿದ ದುರ್ಬೀನು ಮತ್ತೊಂದಕ್ಕೆ ಹೋಗಬಾರದೆಂದು ದುರ್ಬೀನಿನ ಸಂಖ್ಯೆಯನ್ನು ಆ ಕೋವಿಯ ಮರದ ಮೇಲೆಯೇ ಅಚ್ಚೊತ್ತಿದರು. ಇಂಥ ಕೋವಿಗಳು 20,000ಕ್ಕೂ ಹೆಚ್ಚು ಸಿದ್ಧವಾದವು. 1970ರಲ್ಲಿ ಹೊಸ ನಳಿಗೆಯನ್ನು ತೊಟ್ಟ ಇವುಗಳ ಸಂತತಿಯು 1982ರ ಫಾಕ್‌ಲೆಂಡ್ ಯುದ್ಧದಲ್ಲಿಯೂ ಬಳಕೆಯಲ್ಲಿತ್ತು.

ಅನಂತರ ಅಮೆರಿಕದ ಸೈನ್ಯವು 1995ರಲ್ಲಿ ಹಲ್ಲುಹಲ್ಲಾದ ಪಟ್ಟಿಯೊಂದರ ಅಳತೆಯನ್ನು ಗೊತ್ತುಮಾಡಿತು. ಇಂದು ಅನೇಕ ದೇಶಗಳ ಕೋವಿಗಳ ನೆತ್ತಿಯ ಮೇಲೆ ಅದೇ ಪಟ್ಟಿಯಿದೆ. ಯಾವ ಕಾರ್ಖಾನೆಯ ದುರ್ಬೀನಾದರೂ ತಕ್ಕ ಪೀಠವಿದ್ದರೆ ಅದರ ಮೇಲೆ ಕೂರುವುದು. ಆದರೂ ಪ್ರತಿಯೊಂದು ಕೋವಿಗೂ ಗುರಿಯನ್ನು ಹೊಸದಾಗಿಯೇ ಹೊಂದಿಸಬೇಕು.

ಈ ಚರಿತ್ರೆಯನ್ನು ನೋಡಿದಾಗ ನಮಗೆ ತೋರುವುದಿಷ್ಟು. 1915ರ ಆಂಗ್ಲ ಅಧಿಕಾರಿಗಳಿಗೆ ಬುದ್ಧಿಯ ಕೊರತೆಯಿರಲಿಲ್ಲ. ದಳವಾಗಿ ನಿಂತು ಗುಂಡಿನ ಮಳೆಗರೆಯುವ ಸೈನಿಕನನ್ನು ಮನಸ್ಸಿನಲ್ಲಿಟ್ಟು ಅವರು ಪೀಠವನ್ನು ಒಪ್ಪಿಕೊಂಡರು. ಅದನ್ನು ಬಳಸಬೇಕಾದವನು ಉಕ್ಕಿನ ತಗಡಿನ ಹಿಂದೆ ದಿನವೆಲ್ಲ ಒಬ್ಬನೇ ಕಾದು ಮಲಗುವವನು. ಅವನನ್ನು ಕೇಳಿದ್ದರೆ ಉತ್ತರವು ಮೂರು ವರ್ಷ ಮೊದಲೇ ದೊರೆಯುತ್ತಿತ್ತು.